‘ಲೇಡೀಸ್ ಓನ್ಲಿ’ ಬೋರ್ಡು ಡಾಕ್ಟರ ಸರ್ಟಿಫಿಕೇಟ್ ಅಲ್ಲ

ಮದುವೆ ನಿಶ್ಚಯವಾದರೆ ನಮ್ಮ ಮನೆಗಳಲ್ಲಿ ಮೊದಲು ಚಿನ್ನ, ಬಟ್ಟೆ, ಮೈಲಾಂಜಿ, ಬಿರಿಯಾನಿಯ ಲೆಕ್ಕ ನಡೆಯುತ್ತಿತ್ತು. ಈಗ ಆ ಪಟ್ಟಿಗೆ ‘ಫೇಸ್ ಪ್ಯಾಕೇಜ್’ ಅಂತ ಒಂದು ಹೊಸ ಐಟಂ ಸೇರಿಕೊಂಡಿದೆ. ಹಣೆಯ ಗೆರೆ ಹೋಗಲು ಬೊಟಾಕ್ಸ್, ತುಟಿ ತುಂಬಿಕೊಳ್ಳಲು ಫಿಲ್ಲರ್, ಬಣ್ಣ ಬಿಳಿಯಾಗಲು ಗ್ಲುಟಾಥಿಯೋನ್. ಈ ಹೆಸರುಗಳೆಲ್ಲ ಮಂಗಳೂರು, ಬೆಂಗಳೂರಿನವರ ಮಾತು ಅಂತ ಇನ್ನು ಹೇಳುವಂತಿಲ್ಲ. ಹಾರಂಗಿ, ಕುಶಾಲನಗರ, ಸುಂಟಿಕೊಪ್ಪದ ಹೆಣ್ಣುಮಕ್ಕಳ ಮೊಬೈಲಿನಲ್ಲೂ ಇವುಗಳ ಜಾಹೀರಾತು ದಿನಾ ಬಂದು ಬೀಳುತ್ತದೆ. ಗಂಡುಮಕ್ಕಳೂ ಹಿಂದೆ ಬಿದ್ದಿಲ್ಲ, ಪುದಿಯಾಪ್ಳೆಗೂ ಈಗ ಪ್ಯಾಕೇಜ್ ಉಂಟು.

ಮುಖಕ್ಕೆ ಇಂಥ ಇಂಜೆಕ್ಷನ್ ಹಾಕಿಸಿಕೊಳ್ಳಬೇಕೇ ಬೇಡವೇ ಎಂಬುದು ಈ ಬರಹದ ವಿಷಯವಲ್ಲ. ದೀನಿನ ಪ್ರಕಾರ ಯಾವುದು ಸರಿ ಎಂಬುದನ್ನು ತಮ್ಮ ಜಮಾಅತಿನ ಖತೀಬರಲ್ಲಿ, ತಿಳಿದ ಉಸ್ತಾದರಲ್ಲಿ ಕೇಳಿಕೊಳ್ಳಿ. ಸುಟ್ಟ ಗಾಯದ ಕಲೆ, ಪಾರ್ಶ್ವವಾಯುವಿನಿಂದ ಸೊಟ್ಟಗಾದ ಮುಖ, ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವ ಕಣ್ಣು ಇಂಥ ತೊಂದರೆ ಇರುವವರಿಗೆ ಇದು ಚಿಕಿತ್ಸೆಯೂ ಹೌದು. ಆದ್ದರಿಂದ ಹಾಕಿಸಿಕೊಂಡವರನ್ನು ಹಾಸ್ಯ ಮಾಡುವುದು, ಬೈಯುವುದು ನಮ್ಮ ಕೆಲಸವಲ್ಲ. ನಾವು ಕೇಳುತ್ತಿರುವುದು ಒಂದೇ ಪ್ರಶ್ನೆ: ಆ ಸೂಜಿ ಹಿಡಿದಿರುವ ಕೈ ಯಾರದು?

ಈ ಪ್ರಶ್ನೆಯನ್ನು ನಮ್ಮ ಸಮುದಾಯದಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳಬೇಕಾಗಿದೆ. ಕಾರಣ ಸರಳ. ನಮ್ಮ ಹೆಣ್ಣುಮಕ್ಕಳು ಬ್ಯೂಟಿ ಪಾರ್ಲರಿನಲ್ಲೋ ಮನೆಗೆ ಬಂದು ಹಾಕಿಕೊಡುವವರ ಕೈಯಲ್ಲೋ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಬರೀ ದುಡ್ಡು ಕಡಿಮೆ ಅಂತ ಅಲ್ಲ. ಅಲ್ಲಿ ಗಂಡಸರಿಲ್ಲ, ಬಾಗಿಲಿಗೆ ಪರದೆ ಇದೆ, ಹಿಜಾಬ್ ತೆಗೆದರೆ ಯಾರೂ ನೋಡುವುದಿಲ್ಲ, ಹೊರಗೆ ಸುದ್ದಿ ಹೋಗುವುದಿಲ್ಲ ಎಂಬ ಧೈರ್ಯ. ಇದು ನ್ಯಾಯವಾದ ಬಯಕೆಯೇ. ಆದರೆ ಮರೆ ಬೇರೆ, ಅರ್ಹತೆ ಬೇರೆ. ‘ಲೇಡೀಸ್ ಓನ್ಲಿ’ ಎಂಬ ಬೋರ್ಡು ಒಳಗೆ ಗಂಡಸರಿಲ್ಲ ಅಂತ ಮಾತ್ರ ಹೇಳುತ್ತದೆ. ಒಳಗೆ ಡಾಕ್ಟರಿದ್ದಾರೆ ಅಂತ ಹೇಳುವುದಿಲ್ಲ. ಪಂಚಾಯತ್ ಅಥವಾ ಪುರಸಭೆಯಿಂದ ಪಾರ್ಲರಿಗೆ ಸಿಕ್ಕ ಪರವಾನಗಿ ವ್ಯಾಪಾರದ್ದು, ಚಿಕಿತ್ಸೆಯದ್ದಲ್ಲ.

ಈ ಇಂಜೆಕ್ಷನ್‌ಗಳು ಏನು ಮಾಡುತ್ತವೆ ಅಂತ ಮೊದಲು ತಿಳಿಯೋಣ. ಬೊಟಾಕ್ಸ್ ಅನ್ನುವುದು ಒಂದು ಕಂಪೆನಿಯ ಬ್ರ್ಯಾಂಡ್ ಹೆಸರು. ಒಳಗಿರುವ ಔಷಧ ಬೊಟುಲಿನಮ್ ಟಾಕ್ಸಿನ್, ಒಂದು ಬ್ಯಾಕ್ಟೀರಿಯಾದಿಂದ ತೆಗೆದ ವಿಷ. ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಅದು ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ತಡೆದು ಆ ಸ್ನಾಯುವನ್ನು ಸಡಿಲಿಸುತ್ತದೆ. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಮೆಳ್ಳಗಣ್ಣು ಮತ್ತು ರೆಪ್ಪೆ ಬಿಗಿತಕ್ಕೆ. ಹುಬ್ಬುಗಳ ನಡುವಿನ ಗೆರೆಗೆ ಅನುಮತಿ ಬಂದಿದ್ದು 2002ರಲ್ಲಿ. ಪರಿಣಾಮ ಮೂರು ನಾಲ್ಕು ತಿಂಗಳು ಇದ್ದು ಹೋಗುತ್ತದೆ. ಫಿಲ್ಲರ್ ಹಾಗಲ್ಲ. ಅದು ಚರ್ಮದ ಕೆಳಗೆ ತುಂಬಿಸುವ ಜೆಲ್ಲಿಯಂಥ ವಸ್ತು. ಹೆಚ್ಚಾಗಿ ಬಳಸುವುದು ಹಯಾಲುರಾನಿಕ್ ಆಸಿಡ್. ಆರು ತಿಂಗಳಿಂದ ಒಂದೂವರೆ ವರ್ಷದವರೆಗೂ ಉಳಿಯಬಹುದು.

ಬೊಟಾಕ್ಸ್ ಒಂದಿಷ್ಟು ಆಚೀಚೆ ಹೋದರೆ ರೆಪ್ಪೆ ಜೋತುಬೀಳುತ್ತದೆ, ನಗು ಒಂದು ಕಡೆಗೆ ವಾಲುತ್ತದೆ. ಕೆಲವು ವಾರಗಳಲ್ಲಿ ಸರಿಯಾಗುತ್ತದೆ, ಆದರೆ ನಿಕಾಹ್ ಅಲ್ಲಿಯವರೆಗೆ ಕಾಯುವುದಿಲ್ಲ. ಪ್ರಮಾಣ ಮಿತಿಮೀರಿ ಮೈಗೆ ಹರಡಿದರೆ ನುಂಗಲು, ಉಸಿರಾಡಲು ಕಷ್ಟವಾಗಬಹುದು. ಫಿಲ್ಲರಿನ ಅಪಾಯ ಇದಕ್ಕಿಂತ ದೊಡ್ಡದು. ಸೂಜಿಯ ತುದಿ ರಕ್ತನಾಳದ ಒಳಗೆ ಹೋಗಿ ಜೆಲ್ ಅಲ್ಲಿ ಸಿಕ್ಕಿಕೊಂಡರೆ ಆ ಭಾಗಕ್ಕೆ ರಕ್ತ ನಿಲ್ಲುತ್ತದೆ, ಚರ್ಮ ಸಾಯುತ್ತದೆ. ಹುಬ್ಬುಗಳ ನಡುವೆ, ಮೂಗಿನ ಮೇಲೆ, ಮೂಗಿನಿಂದ ಬಾಯಿಗೆ ಇಳಿಯುವ ಗೆರೆಯಲ್ಲಿ ಹರಿಯುವ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳದ ಜತೆ ಸಂಪರ್ಕ ಇದೆ. ಜೆಲ್ ಅಲ್ಲಿಗೆ ಹೋದರೆ ದೃಷ್ಟಿಯೇ ಹೋಗಬಹುದು. ಇದು ಅಪರೂಪ. ಆದರೆ ಆದಾಗ ಗಂಟೆಯೊಳಗೆ ಏನಾದರೂ ಮಾಡಬೇಕಾಗುತ್ತದೆ.

ಹಯಾಲುರಾನಿಕ್ ಆಸಿಡ್ ಫಿಲ್ಲರನ್ನು ಕರಗಿಸಲು ಹಯಾಲುರಾನಿಡೇಸ್ ಎಂಬ ಔಷಧ ಉಂಟು. ಅದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳದೆ ಫಿಲ್ಲರ್ ಹಾಕುವುದೇ ತಪ್ಪು. ಇಲ್ಲಿ ನಮ್ಮ ಊರಿನ ಭೂಗೋಳ ಲೆಕ್ಕಕ್ಕೆ ಬರುತ್ತದೆ. ಹಾರಂಗಿಯಿಂದ ಮೈಸೂರು ನೂರು ಕಿಲೋಮೀಟರಿಗೆ ಹತ್ತಿರ. ಮಡಿಕೇರಿಗೆ ಹೋಗಬೇಕಾದರೆ ಕುಶಾಲನಗರ ದಾಟಿ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಆ ರಸ್ತೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾರ್ಲರಿನ ಕುರ್ಚಿಯಲ್ಲಿ ಕೂತವಳಿಗೆ ಏನಾದರೂ ಆದರೆ ಅಲ್ಲಿ ಔಷಧವೂ ಇಲ್ಲ, ಗುರುತಿಸುವವರೂ ಇಲ್ಲ, ಹತ್ತಿರ ದೊಡ್ಡ ಆಸ್ಪತ್ರೆಯೂ ಇಲ್ಲ. ನಗರದಲ್ಲಿರುವವರಿಗಿಂತ ನಾವು ಹೆಚ್ಚು ಎಚ್ಚರದಿಂದ ಇರಬೇಕಾದುದು ಇದಕ್ಕೇ.

ಆಪತ್ತು ಎಲ್ಲೋ ದೂರದ್ದು ಅಂತ ಭಾವಿಸುವುದು ಬೇಡ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ವಯಸ್ಸು ಬರೀ 21. ಮಗಳು ತಮಗೆ ಹೇಳದೆ ಹೋಗಿದ್ದಳು ಎಂದು ಹೆತ್ತವರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮರುತಿಂಗಳೇ ಇನ್ನೊಬ್ಬ ನಟಿ ಸ್ವಾತಿ ಸತೀಶ್ ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಂಡ ನಂತರ ಗುರುತು ಸಿಗದಷ್ಟು ಊದಿದ ಮುಖದ ಚಿತ್ರ ನಾಡೆಲ್ಲ ಹರಡಿತು. ತನಗೆ ತಪ್ಪು ಇಂಜೆಕ್ಷನ್ ಕೊಡಲಾಯಿತು ಎಂದು ಅವರು ಆರೋಪಿಸಿದ್ದರು. ಇವೆರಡೂ ಬೊಟಾಕ್ಸ್, ಫಿಲ್ಲರಿನ ಪ್ರಕರಣಗಳಲ್ಲ. ಆದರೆ ಒಂದು ಪಾಠ ಇದರಲ್ಲಿದೆ: ಮನೆಯವರಿಗೆ ತಿಳಿಸದೆ ಹೋಗುವ ಚಿಕಿತ್ಸೆಯಲ್ಲಿ, ಕೆಟ್ಟ ಗಳಿಗೆ ಬಂದಾಗ ಪ್ರಶ್ನೆ ಕೇಳುವವರು ಯಾರೂ ಪಕ್ಕದಲ್ಲಿರುವುದಿಲ್ಲ.

ಹೊರದೇಶದಲ್ಲೂ ಕಥೆ ಬೇರೆಯಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2024ರ ಏಪ್ರಿಲ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಪರವಾನಗಿ, ತರಬೇತಿ ಇಲ್ಲದವರಿಂದ ಅಥವಾ ಮನೆ, ಸ್ಪಾ ಮುಂತಾದ ಕಡೆ ಬೊಟುಲಿನಮ್ ಚುಚ್ಚಿಸಿಕೊಂಡ 22 ಮಂದಿ 11 ರಾಜ್ಯಗಳಲ್ಲಿ ತೊಂದರೆಗೆ ಒಳಗಾಗಿದ್ದರು. ಕೆಲವರಿಗೆ ಹಾಕಿದ್ದು ನಕಲಿ ಮಾಲು. ಅದೇ ತಿಂಗಳು ಇನ್ನೊಂದು ವರದಿಯೂ ಬಂತು. ನ್ಯೂ ಮೆಕ್ಸಿಕೋದ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ ತಮ್ಮದೇ ರಕ್ತವನ್ನು ಮುಖಕ್ಕೆ ಸೂಜಿಯಲ್ಲಿ ಹಾಕುವ ‘ವ್ಯಾಂಪೈರ್ ಫೇಶಿಯಲ್’ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿತ್ತು. ಚಂದ ಆಗಲು ಹೋದವರು ಆಯುಷ್ಯ ಪೂರ್ತಿ ಔಷಧ ತಿನ್ನುವ ಹಾಗಾಯಿತು.

ಹಾಗಾದರೆ ಅರ್ಹರನ್ನು ಗುರುತಿಸುವುದು ಹೇಗೆ? ನಾಲ್ಕು ವಿಷಯ ನೋಡಿದರೆ ಸಾಕು: ವ್ಯಕ್ತಿ, ಜಾಗ, ಔಷಧ, ಮಾತುಕತೆ.

ಮೊದಲನೆಯದು ವ್ಯಕ್ತಿ. ಹೆಸರಿನ ಹಿಂದೆ ‘ಡಾ.’ ಇದ್ದ ಮಾತ್ರಕ್ಕೆ ಸಾಲದು. ಆಯುರ್ವೇದ, ಹೋಮಿಯೋಪತಿ, ದಂತ ವೈದ್ಯರೂ ಡಾಕ್ಟರೇ, ತಮ್ಮ ತಮ್ಮ ಕ್ಷೇತ್ರದಲ್ಲಿ ಗೌರವಸ್ಥರೇ. ಆದರೆ ಮುಖದ ಚರ್ಮದ ಇಂಜೆಕ್ಷನ್‌ಗೆ ನೋಡಬೇಕಾದುದು ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ. ದಂತ ವೈದ್ಯರ ಪೈಕಿ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರ ಅಧಿಕಾರದ ಬಗ್ಗೆ ವೈದ್ಯಕೀಯ ವಲಯದಲ್ಲೇ ವಾದ ನಡೆದಿದೆ. ಹಲ್ಲಿನ ಡಾಕ್ಟರೆಲ್ಲರೂ ಅದರಲ್ಲಿ ಬರುವುದಿಲ್ಲ. ‘ಕಾಸ್ಮೆಟಾಲಜಿಸ್ಟ್’, ‘ಈಸ್ತೆಟಿಕ್ ಎಕ್ಸ್‌ಪರ್ಟ್’ ಎಂಬ ಪದವಿಗಳು ವಾರದ ಕೋರ್ಸಿಗೂ ಸಿಗುತ್ತವೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ಎಷ್ಟಿದೆ ಎಂದಲ್ಲ, ಯಾವುದಿದೆ ಅಂತ ನೋಡಿ. ಕಾರ್ಯಾಗಾರದಲ್ಲಿ, ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಸೌಂದರ್ಯ ಚಿಕಿತ್ಸೆಗೆ ತರಬೇತಿ ಆಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಪ್ರತಿ ವೈದ್ಯರಿಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕ್ಲಿನಿಕ್ಕಿನಲ್ಲಿ, ಔಷಧ ಚೀಟಿಯಲ್ಲಿ, ರಸೀದಿಯಲ್ಲಿ ಕಾಣಿಸುವಂತೆ ಹಾಕಬೇಕೆಂಬುದು ವೈದ್ಯರ ನಡತೆಯ ನಿಯಮದಲ್ಲೇ ಇದೆ. ಆ ಸಂಖ್ಯೆ ಹಿಡಿದು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ ನೋಡಬಹುದು, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು. ಮೊಬೈಲಿನಲ್ಲಿ ಐದು ನಿಮಿಷದ ಕೆಲಸ. ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಎರಡನೆಯದು ಜಾಗ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ನಡೆಸಬೇಕಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಜನರ ಬಾಯಲ್ಲಿರುವ ಕೆಪಿಎಂಇ, ಇದರಡಿ ನೋಂದಣಿ ಆಗಲೇಬೇಕು. ಆ ನಂಬರು ಬೋರ್ಡಿನಲ್ಲಿ ಕಾಣಬೇಕು, ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಹಾಕಬೇಕು ಅಂತ ಸರಕಾರ 2024ರಲ್ಲಿ ಆದೇಶ ಮಾಡಿದೆ. ನಂಬರು ಇಲ್ಲದ ಜಾಗದಲ್ಲಿ, ಹೋಟೆಲ್ ರೂಮಿನಲ್ಲಿ, ಮದುವೆ ಮನೆಯ ಮಹಡಿಯಲ್ಲಿ ಇಂಜೆಕ್ಷನ್ ಬೇಡ. ‘ತಿಂಗಳಿಗೊಮ್ಮೆ ಬರ್ತಾರೆ’ ಅನ್ನುವ ಡಾಕ್ಟರಾದರೆ, ಮರುದಿನ ಮುಖ ಊದಿದರೆ ಯಾರನ್ನು ಹುಡುಕುವುದು ಅಂತ ಮೊದಲೇ ಕೇಳಿ.

ಮೂರನೆಯದು ಔಷಧ. ಬೊಟುಲಿನಮ್ ಡಾಕ್ಟರ ಚೀಟಿ ಇಲ್ಲದೆ ಮಾರುವ ಔಷಧವಲ್ಲ. ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಸ್ಸಿನ ಪಾರ್ಸೆಲ್‌ನಲ್ಲಿ ಬಂದದ್ದು, ಗಲ್ಫಿನಿಂದ ಬ್ಯಾಗಿನಲ್ಲಿ ಬಂದದ್ದು, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಬೇಡವೇ ಬೇಡ. ಬಾಟಲಿಯ ಸೀಲನ್ನು ನಿಮ್ಮೆದುರೇ ಒಡೆಯಲು ಹೇಳಿ. ಬ್ರ್ಯಾಂಡ್, ಬ್ಯಾಚ್ ನಂಬರ್, ಮುಗಿಯುವ ದಿನಾಂಕ, ಹೊರದೇಶದ್ದಾದರೆ ಆಮದು ಪರವಾನಗಿ ಸಂಖ್ಯೆ ಇದೆಯಾ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಸೂಜಿ, ಸಿರಿಂಜ್ ಹೊಸದೇ ಆಗಿರಬೇಕು. ‘ಜನ್ಮಕ್ಕೆ ಒಂದೇ ಸಲ ಸಾಕು’ ಎಂದು ಸಿಲಿಕೋನ್ ದ್ರವ ಚುಚ್ಚುವವರಿದ್ದರೆ ಆ ಬಾಗಿಲಿಂದಲೇ ಹಿಂದೆ ಬನ್ನಿ. ಅದನ್ನು ಕರಗಿಸುವ ಔಷಧವೇ ಇಲ್ಲ.

ಬಿಳಿಯಾಗುವ ಗ್ಲುಟಾಥಿಯೋನ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಣ್ಣ ಬಿಳುಪು ಮಾಡಲು ಅಂತ ಈ ಇಂಜೆಕ್ಷನ್‌ಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಇದರಿಂದ ಮೂತ್ರಪಿಂಡ, ಯಕೃತ್ತು, ನರಗಳಿಗೆ ಹಾನಿಯಾಗಬಹುದು ಎಂದು ಫಿಲಿಪ್ಪೀನ್ಸ್‌ನ ಔಷಧ ನಿಯಂತ್ರಕರು ತಮ್ಮ ಜನರಿಗೆ ಎಚ್ಚರಿಕೆ ಕೊಟ್ಟಿದ್ದಾರೆ. ಬಿಳುಪಿನ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಪಕ್ಕದ ಕೇರಳದಲ್ಲೇ ಉದಾಹರಣೆ ಇದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಪ್ರಕರಣಗಳನ್ನು ನೋಡಿದರು. ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರು. ಬೇರು ಸಿಕ್ಕಿದ್ದು ಕ್ರೀಮಿನಲ್ಲಿದ್ದ ಪಾದರಸದಲ್ಲಿ. ಚರ್ಮಕ್ಕೆ ಹಚ್ಚಿದ್ದೇ ಕಿಡ್ನಿಗೆ ಇಳಿದರೆ, ನೇರವಾಗಿ ರಕ್ತಕ್ಕೆ ಬಿಡುವುದರ ಬಗ್ಗೆ ಎಷ್ಟು ಜಾಗ್ರತೆ ಬೇಕು ಅಂತ ನೀವೇ ಯೋಚಿಸಿ. ಕಪ್ಪು ಬಣ್ಣ ಕಾಯಿಲೆಯಲ್ಲ. ಸೊಸೆ ನೋಡಲು ಹೋಗುವ ಉಮ್ಮಂದಿರು ‘ಸ್ವಲ್ಪ ಬಣ್ಣ ಕಡಿಮೆ’ ಎಂಬ ಮಾತು ಬಿಟ್ಟರೆ ಈ ಬಾಟಲಿಯ ವ್ಯಾಪಾರ ಅರ್ಧ ನಿಲ್ಲುತ್ತದೆ.

ನಾಲ್ಕನೆಯದು ಮಾತುಕತೆ. ಒಳ್ಳೆಯ ಡಾಕ್ಟ್ರು ಮೊದಲ ದಿನವೇ ಸೂಜಿ ಹಿಡಿಯಲು ಅವಸರ ಮಾಡುವುದಿಲ್ಲ. ಗರ್ಭಿಣಿಯಾ, ಮಗುವಿಗೆ ಹಾಲು ಕೊಡುತ್ತಿದ್ದೀರಾ, ನರ ಸ್ನಾಯುವಿನ ಕಾಯಿಲೆ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ಅಲರ್ಜಿ ಇದೆಯಾ ಅಂತ ಕೇಳುತ್ತಾರೆ. ಅಪಾಯ ಏನು ಅಂತ ಬಿಡಿಸಿ ಹೇಳುತ್ತಾರೆ. ಬೇಡದವರಿಗೆ ‘ನಿಮಗೆ ಇದು ಬೇಡ’ ಅನ್ನುತ್ತಾರೆ. ಆ ಮಾತು ಹೇಳುವವರೇ ನಂಬಿಕಸ್ಥರು. ‘ಇವತ್ತೇ ಮಾಡಿಸಿದರೆ ಆಫರ್, ಇಬ್ಬರು ಬಂದರೆ ಡಿಸ್ಕೌಂಟ್’ ಅನ್ನುವಲ್ಲಿ ಎದ್ದು ಬನ್ನಿ. ಮದುವೆಗೆ ಅಂತ ಮಾಡಿಸುವುದೇ ಆದರೆ ಕನಿಷ್ಠ ಒಂದು ತಿಂಗಳು ಮೊದಲು ಮಾಡಿಸಿ. ಊತ, ಕಲೆ ಇಳಿಯಲು, ತಪ್ಪಿದರೆ ಸರಿಪಡಿಸಲು ಸಮಯ ಬೇಕು. ಇಂಜೆಕ್ಷನ್ ಆದ ಮೇಲೆ ಕೆಲವು ಗಂಟೆ ಮುಖ ಉಜ್ಜಬೇಡಿ, ಮಲಗಬೇಡಿ ಅಂತ ಡಾಕ್ಟರು ಸಾಮಾನ್ಯವಾಗಿ ಹೇಳುತ್ತಾರೆ. ವುಝೂ, ಸುಜೂದ್ ಬಗ್ಗೆ ಸಂಕೋಚವಿಲ್ಲದೆ ಕೇಳಿ, ನಮಾಝಿನ ವೇಳೆ ನೋಡಿ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಿ.

ಈಗ ಮರೆಯ ವಿಷಯಕ್ಕೆ ಬರೋಣ. ಮರೆಗಾಗಿ ಪಾರ್ಲರಿಗೆ ಹೋಗಬೇಕಾಗಿಲ್ಲ, ಅರ್ಹ ಡಾಕ್ಟರಲ್ಲೇ ಅದನ್ನು ಕೇಳಿ ಪಡೆಯಬಹುದು. ಮೈಸೂರಿನಲ್ಲಿ, ಮಂಗಳೂರಿನಲ್ಲಿ ಚರ್ಮರೋಗದ ಲೇಡಿ ಡಾಕ್ಟರುಗಳಿಗೆ ಬರವಿಲ್ಲ. ಫೋನ್ ಮಾಡಿದಾಗಲೇ ‘ಲೇಡಿ ಡಾಕ್ಟ್ರು ಯಾವ ದಿನ ಇರ್ತಾರೆ, ಒಳಗೆ ಗಂಡಸು ಸಿಬ್ಬಂದಿ ಬಾರದ ಹಾಗೆ ಮಾಡ್ತೀರಾ’ ಅಂತ ಕೇಳಿ. ಗಂಡು ಡಾಕ್ಟರೇ ಆದರೆ ನರ್ಸ್ ಅಥವಾ ಮನೆಯವರು ಜತೆಗಿರಲಿ. ‘ಬಿಫೋರ್, ಆಫ್ಟರ್’ ಫೋಟೊ ಬಗ್ಗೆ ಎಚ್ಚರ. ದಾಖಲೆಗೆ ಫೋಟೊ ಬೇಕಾಗಬಹುದು, ಆದರೆ ಇನ್‌ಸ್ಟಾಗ್ರಾಮಿಗೆ ಹಾಕಲು ನಿಮ್ಮ ಲಿಖಿತ ಒಪ್ಪಿಗೆ ಬೇಕು. ಬೇಡ ಎಂದರೆ ಬೇಡ ಎಂದು ಕಾಗದದಲ್ಲೇ ಬರೆಸಿ. ಪಾರ್ಲರಿನಲ್ಲಿ ಪರದೆ ಇರಬಹುದು, ಆದರೆ ನಿಮ್ಮ ಗುಟ್ಟು ಕಾಯುವ ವೃತ್ತಿ ನಿಯಮ ಇರುವುದು ವೈದ್ಯರಿಗೆ. ಸಣ್ಣ ಸಂದೇಹ ಇದ್ದರೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಒಂದು ಮಾತು ಕೇಳಿ ಮುಂದಿನ ಹೆಜ್ಜೆ ಇಡಬಹುದು.

ಇಂಜೆಕ್ಷನ್ ನಂತರ ತಡೆಯಲಾಗದ ನೋವು, ಚರ್ಮ ಬಿಳಿಚಿಕೊಳ್ಳುವುದು, ನೀಲಿ ಬಲೆಯಂತೆ ಕಲೆ ಕಾಣುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಇವುಗಳಲ್ಲಿ ಯಾವುದಾದರೂ ಕಂಡರೆ ‘ನಾಳೆ ನೋಡೋಣ’ ಅನ್ನಬೇಡಿ. ಹಾಕಿದವರಿಗೆ ಕೂಡಲೇ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಹೊರಡಿ, 108 ಕರೆಯಿರಿ. ಯಾವ ಔಷಧ, ಎಲ್ಲಿ, ಎಷ್ಟು ಹೊತ್ತಿಗೆ ಹಾಕಿದ್ದು ಅಂತ ಮುಚ್ಚಿಡದೆ ಹೇಳಿ. ನಾಚಿಕೆಯಿಂದ ಕಳೆದ ಒಂದೊಂದು ಗಂಟೆಯೂ ಕಣ್ಣಿಗೆ, ಚರ್ಮಕ್ಕೆ ಭಾರ.

ಮೋಸ ಹೋದವರಿಗೂ ದಾರಿ ಉಂಟು. ಕ್ಲಿನಿಕ್ಕಿನ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಡಬಹುದು. ವೈದ್ಯರ ಮೇಲಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಆದರೆ ಕೈಯಲ್ಲಿ ಬಿಲ್ಲೇ ಇಲ್ಲದಿದ್ದರೆ ಯಾವ ಕಚೇರಿಯೂ ಹೆಚ್ಚು ಮಾಡಲಾಗದು. ಬಿಲ್ ಕೊಡದವರಲ್ಲಿ ಇಂಜೆಕ್ಷನ್ ಬೇಡ ಎಂಬುದನ್ನು ಕಣ್ಣುಮುಚ್ಚಿ ಪಾಲಿಸಿ.

ವೈದ್ಯ ತಿಳಿಯದೆ ಚಿಕಿತ್ಸೆಗೆ ಕೈ ಹಾಕಿದವನು ಆದ ಹಾನಿಗೆ ತಾನೇ ಹೊಣೆ ಎಂಬ ಅರ್ಥದ ಪ್ರವಾದಿ ವಚನ ಅಬೂ ದಾವೂದ್ ಸಂಗ್ರಹದಲ್ಲಿದೆ. ನಮ್ಮವರೇ ಆದ ಪಾರ್ಲರ್ ಸಹೋದರಿಯರಿಗೆ ಇದನ್ನು ಗೌರವದಿಂದ ನೆನಪಿಸುತ್ತೇವೆ. ಮೈಲಾಂಜಿ, ಅಲಂಕಾರ, ಫೇಶಿಯಲ್ ನಿಮ್ಮ ಕಸುಬು, ಅದರಲ್ಲಿ ಬರಕತ್ ಇದೆ. ಸೂಜಿಯನ್ನು ಮಾತ್ರ ಕಲಿತವರಿಗೆ ಬಿಡಿ. ಮಹಿಳಾ ತರಗತಿಗಳಲ್ಲಿ, ಮದುವೆಗೆ ಮೊದಲಿನ ತಿಳಿವಳಿಕೆ ಶಿಬಿರಗಳಲ್ಲಿ ಜಮಾಅತ್‌ಗಳು ಒಬ್ಬ ಲೇಡಿ ಡಾಕ್ಟರನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಿದರೆ ಅದು ದೊಡ್ಡ ಉಪಕಾರ. ಮನೆಯ ಗಂಡಸರೂ ಕೇಳಿ: ನೀವು ಬೈಯುತ್ತೀರಿ ಅಂತ ಹೆದರಿ ಹೆಣ್ಣುಮಕ್ಕಳು ಗುಟ್ಟಾಗಿ ಹೋಗುತ್ತಾರೆ, ಗುಟ್ಟಾಗಿ ಹೋದವರು ಅಗ್ಗದ ಕೈಗೆ ಸಿಗುತ್ತಾರೆ. ಬೈಯುವ ಬದಲು ಜತೆಗೆ ಹೋಗಿ, ಬೋರ್ಡಿನ ನಂಬರು ಓದಿ, ಬಿಲ್ ಕೇಳಿ ತಗೊಳ್ಳಿ.